ಹೊಸ ಪ್ರಸಂಗಗಳೂ ನಮ್ಮ ಅಭಿಮಾನಿಗಳೂ

(ಅಮಾಸೆಬೈಲಿನ ಓರ್ವ ವಿದ್ಯಾರ್ಥಿ, ಅಂತಿಮ ಬಿ.ಎ.)

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಅಮಾಸೆಬೈಲಿನಲ್ಲಿ ಜನರು ಎರಡು ಪಕ್ಷವಾಗುತ್ತಾರೆ. ಒಂದು ಹಳೆಯ ಪ್ರಸಂಗದವರದು, ಇನ್ನೊಂದು ಹೊಸ ಪ್ರಸಂಗದವರದು. ಬೆಳಗಿನ ಬಸ್ಸಿಗೆ ಕಾಯುವಲ್ಲಿ, ಚಹದಂಗಡಿಯ ಬೆಂಚಿನ ಮೇಲೆ, ಅಡಿಕೆ ಸುಲಿಯುವ ಅಂಗಳದಲ್ಲಿ, ಎಲ್ಲಿ ನಾಲ್ವರು ಸೇರಿದರೂ ಇದೇ ಮಾತು. “ನಿನ್ನೆ ಕಂಡದ್ದ್ ಆಟವೋ ಸಿನಿಮಾವೋ?” ಎಂದು ಒಬ್ಬರು ಕೆಣಕಿದರೆ, “ನಿಮ್ಮ ಕರ್ಣನ್ನ ಎಷ್ಟ್ ಸಲ ಕೊಲ್ಲುದ್ ಮರಾಯ್ರೆ, ಅವ್ನಿಗೇ ಬೇಜಾರ್ ಬಂದಿರತ್ತ್” ಎಂದು ಇನ್ನೊಬ್ಬರ ಉತ್ತರ. ಚುನಾವಣೆಯ ಜಗಳ ಮತ ಎಣಿಸಿದ ಮರುದಿನ ತಣ್ಣಗಾಗುತ್ತದೆ. ಇದು ಮೇ ತಿಂಗಳ ಕೊನೆಯಲ್ಲಿ ಮೇಳಗಳು ಗೆಜ್ಜೆ ಬಿಚ್ಚುವವರೆಗೂ ಆರುವುದಿಲ್ಲ.

ಈ ವರ್ಷ ಆ ಜಗಳ ನಮ್ಮ ಕಾಲೇಜಿನೊಳಕ್ಕೂ ಕಾಲಿರಿಸಿತು. ವಾರ್ಷಿಕೋತ್ಸವಕ್ಕೆ ವಿದ್ಯಾರ್ಥಿಗಳಿಂದಲೇ ಒಂದು ಆಟವಾಗಬೇಕೆಂದು ನಿರ್ಧಾರವಾದೊಡನೆ, ‘ಕರ್ಣಪರ್ವ’ವೇ ಆಗಬೇಕೆಂದು ಕೆಲವರೂ ‘ನಾಗಶ್ರೀ’ಯೇ ಆಗಬೇಕೆಂದು ಕೆಲವರೂ ಹಟ ಹಿಡಿದರು. ಚೆಂಡೆ ಬಾರಿಸುವ ಗೆಳೆಯನು ಒಂದು ಪಕ್ಷ, ಪದ್ಯ ಹೇಳುವವನು ಇನ್ನೊಂದು ಪಕ್ಷ. ಹದಿನೈದು ದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಮಾತಿಲ್ಲದೆ ಇತಿಹಾಸದ ಪಾಠ ಕೇಳಿದರು. ಈ ಲೇಖನಕ್ಕೆ ಕಾರಣ ಆ ಹದಿನೈದು ದಿನಗಳೇ.

ಬಯಲುಸೀಮೆಯಿಂದ ಬಂದಿರುವ ನಮ್ಮ ಕೆಲವು ಅಧ್ಯಾಪಕರಿಗಾಗಿ ಒಂದೆರಡು ಮಾತು ಹೇಳಬೇಕು. ನಾವು ಆಟವೆಂದು ಕರೆಯುವ ಯಕ್ಷಗಾನದಲ್ಲಿ ಪ್ರಸಂಗವೆಂದರೆ ಬರಿಯ ಪದ್ಯಗಳ ಪುಸ್ತಕ. ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿಯು ಕುಣಿದು, ಅನಂತರ ತನ್ನದೇ ಮಾತುಗಳಲ್ಲಿ ಅರ್ಥ ಹೇಳುತ್ತಾನೆ. ಮಾತನ್ನು ಯಾರೂ ಬರೆದು ಕೊಡುವುದಿಲ್ಲ. ಆದುದರಿಂದ ನೋಡುವವನಿಗೂ ಕಥೆ ಮೊದಲೇ ಗೊತ್ತಿರುವುದು ಲೇಸು. ಗೊತ್ತಿದ್ದ ಕಥೆಯಲ್ಲಿ ಈ ದಿನದ ಕರ್ಣ ಏನು ಹೇಳುತ್ತಾನೆ ಎಂಬುದರಲ್ಲಿ ಅರ್ಧ ಸ್ವಾರಸ್ಯವಿದೆ. ರಾಮಾಯಣ, ಭಾರತ, ಭಾಗವತ, ಇವು ನಮ್ಮ ರಂಗಸ್ಥಳದ ಲೋಕ. ಆ ಲೋಕಕ್ಕೆ ಕಟ್ಟುನಿಟ್ಟಾದ ರೀತಿನೀತಿಗಳಿವೆ. ಯಾರಿಗೆ ಕಿರೀಟ, ಯಾರಿಗೆ ಮುಂಡಾಸು, ಯಾರಿಗೆ ಬಣ್ಣದ ವೇಷ ಎಂಬುದು ಗೊತ್ತಾದದ್ದು. ವೇಷವನ್ನು ಕಂಡೊಡನೆ, ಬಾಯಿ ತೆರೆಯುವ ಮೊದಲೇ, ಇಂವ ಎಂಥವನೆಂದು ಗದ್ದೆಯ ಕೊನೆಯಲ್ಲಿ ಕುಳಿತವನಿಗೂ ತಿಳಿಯುತ್ತದೆ.

ಈ ಲೋಕಕ್ಕೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ದೊಡ್ಡದೊಂದು ಬದಲಾವಣೆ ಬಂದಿತು. ಡೇರೆ ಕಟ್ಟಿ ಟಿಕೇಟು ಮಾರುವ ಮೇಳಗಳು ಹುಟ್ಟಿಕೊಂಡವು. ಬಡಗುತಿಟ್ಟಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಈ ಬಗೆಯವು. ಟಿಕೇಟು ಕೊಂಡವನಿಗೆ ಹೊಸತೇನಾದರೂ ಬೇಕಲ್ಲವೆ? ಯಾವ ಪುರಾಣದಲ್ಲಿಯೂ ಇಲ್ಲದ ರಾಜಕುಮಾರಿಯರು, ನಾಗಕನ್ನಿಕೆಯರು, ಬೇಡರ ಮಕ್ಕಳು, ಸೇಡು ತೀರಿಸುವ ಮಂತ್ರಿಗಳು ರಂಗಸ್ಥಳಕ್ಕೆ ಬಂದರು. ಕಂದಾವರ ರಘುರಾಮ ಶೆಟ್ಟರ ‘ಚೆಲುವೆ ಚಿತ್ರಾವತಿ’ಯನ್ನು ಈಗಲೂ ನೆನೆಯುವವರಿದ್ದಾರೆ. ‘ನಾಗಶ್ರೀ’ಯನ್ನು ಬರೆದವರು ಸ್ವತಃ ಭಾಗವತರಾದ ಗುಂಡ್ಮಿ ಕಾಳಿಂಗ ನಾವಡರು. ಅವರ ಕಂಠವನ್ನು ನಮ್ಮ ತಲೆಮಾರಿನವರು ಧ್ವನಿಮುದ್ರಣದಲ್ಲಿ ಮಾತ್ರ ಕೇಳಿದ್ದೇವೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಇಷ್ಟು ವರ್ಷಗಳ ಮೇಲೂ ನಮ್ಮೂರಿನ ರಿಕ್ಷಾಗಳಲ್ಲಿ ಆ ಕಂಠ ಕೇಳಿಬರುತ್ತದೆ ಎಂದರೆ ಅದರ ಮೋಡಿ ಎಂಥದೆಂದು ಊಹಿಸಬಹುದು. ಅವರಿಗಾಗಿಯೇ ಹೊಸ ಪ್ರಸಂಗ ನೋಡಲು ಹೋದವರು ಸಾವಿರಾರು ಮಂದಿ. ಆ ಬಳಿಕ ಸಿನಿಮಾಗಳ ಕಥೆಗಳಿಗೂ ಬಾಗಿಲು ತೆರೆಯಿತು. 2004ರ ‘ಆಪ್ತಮಿತ್ರ’, 2015ರ ‘ಬಾಹುಬಲಿ’, ಇವುಗಳ ಕಥೆಗಳೂ ಹೆಸರು ಬದಲಿಸಿಕೊಂಡು ಗೆಜ್ಜೆ ಕಟ್ಟಿದವು.

ಹಳೆಯ ಪಕ್ಷದವರ ಸಿಟ್ಟು ಇಲ್ಲಿಂದಲೇ. ಒಡ್ಡೋಲಗ ಮೊಟಕಾಯಿತು, ಮುಂಡಾಸು ಮಾಯವಾಯಿತು, ನಾಯಕನು ಸಿನಿಮಾದವನಂತೆ ತಲೆಗೂದಲು ಬಿಟ್ಟು ಬಂದನು, ಹಾಸ್ಯವು ಪೇಟೆಯ ಹಾಸ್ಯವಾಯಿತು ಎನ್ನುತ್ತಾರೆ. ಅವರು ಕೊನೆಗೆ ಎತ್ತುವುದು ಕೋಟದ ಶಿವರಾಮ ಕಾರಂತರ ಹೆಸರನ್ನು. ಕಾರಂತರು 1957ರಲ್ಲಿ ‘ಯಕ್ಷಗಾನ ಬಯಲಾಟ’ವೆಂಬ ಮಹತ್ತರ ಗ್ರಂಥವನ್ನು ಪ್ರಕಟಿಸಿದರು, 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ವೇಷಭೂಷಣದ ಶುದ್ಧಿಗಾಗಿ ಅವರಷ್ಟು ಹೆಣಗಿದವರು ವಿರಳ. ಆದರೆ ಇದೇ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕಳಚಿಹಾಕಿದರು, ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದು ಹಿಮ್ಮೇಳದಲ್ಲಿ ಕೂರಿಸಿದರು! ಆಗಲೂ ಅಭಿಮಾನಿಗಳು ಎರಡು ಪಕ್ಷವಾದರು. ಕಾರಂತರು ಕಥೆಯನ್ನು ಉಳಿಸಿಕೊಂಡು ರೂಪವನ್ನು ತಿದ್ದಿದರು. ಡೇರೆ ಮೇಳದವರು ಚೆಂಡೆ ಮದ್ದಳೆಗಳನ್ನೂ ಭಾಗವತರನ್ನೂ ಅರ್ಥಗಾರಿಕೆಯನ್ನೂ ಉಳಿಸಿಕೊಂಡು ಕಥೆಯನ್ನು ಬದಲಾಯಿಸಿದರು. ಇವರಿಬ್ಬರಲ್ಲಿ ಸಂಪ್ರದಾಯಕ್ಕೆ ಹತ್ತಿರದವರು ಯಾರು? ಈ ಪ್ರಶ್ನೆಯನ್ನು ನಾನು ಚಹದಂಗಡಿಯಲ್ಲಿ ಕೇಳಿದಾಗ ಹಿರಿಯರೊಬ್ಬರು, “ನಿನ್ನ ಬಿ.ಎ. ಸಾಕ್ ಮಾರಾಯ” ಎಂದು ಎದ್ದು ಹೋದರು.

ಹಳೆಯದೆಂಬ ಮಾತನ್ನೇ ಸ್ವಲ್ಪ ಕೆದಕಿ ನೋಡೋಣ. ಹಳೆಯ ಪಕ್ಷದವರಿಗೆ ಬಹು ಪ್ರಿಯವಾದ ಪ್ರಸಂಗಗಳಲ್ಲಿ ‘ಕೃಷ್ಣಾರ್ಜುನ ಕಾಳಗ’ ಒಂದು. ಗಯನೆಂಬ ಗಂಧರ್ವನು ಉಗುಳಿದ ತಾಂಬೂಲ ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೃಷ್ಣನು ಅವನನ್ನು ಕೊಲ್ಲುವೆನೆಂದು ಶಪಥ ಮಾಡುತ್ತಾನೆ, ವಿಷಯ ತಿಳಿಯದೆ ಅರ್ಜುನನು ಅವನಿಗೆ ಅಭಯ ಕೊಡುತ್ತಾನೆ, ಗೀತೆಯನ್ನು ಹೇಳಿದವನಿಗೂ ಕೇಳಿದವನಿಗೂ ಕಾಳಗ ಹತ್ತುತ್ತದೆ. ಈ ಕಥೆ ವ್ಯಾಸ ಭಾರತದಲ್ಲಿ ಇಲ್ಲವೇ ಇಲ್ಲ. ಸುಧನ್ವನ ಕಥೆಯೂ ಚಂದ್ರಹಾಸನ ಕಥೆಯೂ ಅಲ್ಲಿಲ್ಲ. ಅವು ನಮಗೆ ಬಂದದ್ದು ಜೈಮಿನಿ ಭಾರತದಿಂದ, ಲಕ್ಷ್ಮೀಶನ ದ್ವಾರಾ. ಕೃಷ್ಣನ ಮೇಲೆ ಅರ್ಜುನನು ಬಾಣ ಹೂಡುವ ಕಥೆಯನ್ನು ಮೊದಲ ಸಲ ಯಾರೋ ಆಡಿ ತೋರಿಸಿದ ದಿನ, “ಇದೆಂತಹ ಅಪಚಾರ!” ಎಂದು ಎದ್ದು ಹೋದವರೂ ಇದ್ದಿರಬೇಕೆಂದು ನನ್ನ ಊಹೆ. ಇಂದು ಅದು ಪುರಾಣಕ್ಕಿಂತ ಪುರಾಣವಾಗಿದೆ.

ಇಷ್ಟಕ್ಕೂ ಹಳೆಯ ಪಾತ್ರಗಳೇ ನಿಂತಲ್ಲಿ ನಿಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳಿದರೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನು ಉತ್ತರಕ್ಕೆ ತಡವರಿಸಬೇಕಾಗುತ್ತಿತ್ತೆಂದು ಕೇಳಿದವರು ಹೇಳುತ್ತಾರೆ. ಪದ್ಯ ಒಂದಕ್ಷರವೂ ಬದಲಾಗಲಿಲ್ಲ; ವಾಲಿ ಮಾತ್ರ ಬದಲಾದನು. ಅದೇ ಶೇಣಿಯವರು ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯಲ್ಲಿ ಬಪ್ಪ ಬ್ಯಾರಿಯಾಗಿ ಬಂದರು. ಕಿರೀಟವೂ ಇಲ್ಲ, ಪುರಾಣವೂ ಇಲ್ಲ. ಆ ವೇಷವನ್ನು ಯಕ್ಷಗಾನಕ್ಕೆ ಹೊರಗಿನದೆಂದು ಇಂದು ಯಾರು ಹೇಳುತ್ತಾರೆ?

ಇಂಥ ಜಗಳ ಕರಾವಳಿಗೆ ಮಾತ್ರ ಮೀಸಲಲ್ಲ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪೆನಿಯು 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಮೇಜಿನ ಮೇಲಿನ ಯುದ್ಧದಾಟವೊಂದನ್ನು ಹೊರತಂದಿತು. ಬೆರಳುದ್ದದ ಗೊಂಬೆ ಸೈನಿಕರನ್ನು ಕೊಂಡು, ಕೈಯಾರೆ ಬಣ್ಣ ಹಚ್ಚಿ, ದಾಳ ಉರುಳಿಸಿ ಆಡುವ ಆಟ. ನಮ್ಮ ಚೌಕಿಯಲ್ಲಿ ವೇಷಧಾರಿಗಳು ಗಂಟೆಗಟ್ಟಲೆ ಕುಳಿತು ಮುಖಕ್ಕೆ ಬಣ್ಣ ಬರೆಯುವಂತೆ ಅವರು ಗೊಂಬೆಗಳಿಗೆ ಬರೆಯುತ್ತಾರೆ. ಆ ಆಟಕ್ಕೊಂದು ಕಲ್ಪಿತ ಲೋಕವಿತ್ತು: ಸಾಮ್ರಾಜ್ಯಗಳು, ಕುಬ್ಜರು, ರಾಕ್ಷಸರು, ಅವರ ವಂಶಾವಳಿಗಳು, ಹಳೆಯ ವೈರಗಳು. ಮೂವತ್ತು ವರ್ಷ ಅಭಿಮಾನಿಗಳು ಆ ಲೋಕದಲ್ಲಿ ಬೆಳೆದರು. 2014–15ರಲ್ಲಿ ಕಂಪೆನಿಯು ಸಾಲಾಗಿ ಪುಸ್ತಕಗಳನ್ನು ತಂದು, ಕಥೆಯಲ್ಲಿ ಪ್ರಳಯ ಮಾಡಿಸಿ, ಆ ಲೋಕವನ್ನೇ ನಾಶಮಾಡಿಬಿಟ್ಟಿತು. 2015ರ ಜುಲೈಯಲ್ಲಿ ಅದರ ಜಾಗಕ್ಕೆ ‘ಏಜ್ ಆಫ್ ಸಿಗ್ಮಾರ್’ ಎಂಬ ಹೊಸ ಲೋಕ ಬಂದಿತು. ದಪ್ಪ ನಿಯಮ ಗ್ರಂಥದ ಬದಲು ನಾಲ್ಕು ಪುಟದ ನಿಯಮ. ಎರಡು ಸೈನ್ಯಗಳ ಬಲವನ್ನು ತೂಗಿ ನೋಡುವ ಅಂಕಗಳೂ ಇಲ್ಲ. ಅಭಿಮಾನಿಗಳು ಎರಡು ಹೋಳಾದರು. ಒಬ್ಬನಂತೂ ತಾನು ಬಣ್ಣ ಹಚ್ಚಿದ್ದ ಸೈನ್ಯವನ್ನೇ ಬೆಂಕಿಗೆ ಹಾಕಿ ಅದನ್ನು ಲೋಕಕ್ಕೆಲ್ಲ ತೋರಿಸಿದನು.

ಮುಂದಿನದು ಹೆಚ್ಚು ಸ್ವಾರಸ್ಯವಾಗಿದೆ. ಮರುವರ್ಷವೇ ಅಂಕಗಳು ಮರಳಿ ಬಂದವು. ಹೊಸ ಲೋಕಕ್ಕೆ ನಿಧಾನವಾಗಿ ತನ್ನದೇ ಅಭಿಮಾನಿಗಳು ಹುಟ್ಟಿಕೊಂಡರು. 2019ರಲ್ಲಿ ಕಂಪೆನಿಯು ಹಳೆಯ ಲೋಕವನ್ನು ಮರಳಿ ತರುವೆನೆಂದು ಸಾರಿತು, 2024ರ ಜನವರಿಯಲ್ಲಿ ತಂದೂ ತಂದಿತು. ಪ್ರಳಯಕ್ಕೆ ಶತಮಾನಗಳ ಹಿಂದಿನ ಕಾಲದ ಕಥೆಯೆಂದು ಹೇಳಿ ತೊಡಕನ್ನು ದಾಟಿಕೊಂಡಿತು. ಈಗ ಎರಡೂ ನಡೆಯುತ್ತಿವೆ. ಮೂವತ್ತು ವರ್ಷದ ಲೋಕವೊಂದು ಹತ್ತು ವರ್ಷ ಕಾಣೆಯಾಗಿ ತಿರುಗಿ ಬಂದದ್ದು ಒಂದು ಕಂಪೆನಿಯ ಲೆಕ್ಕದ ಮೇಲೆ!

ನಮ್ಮ ಕರ್ಣನಿಗೆ ಅಂಥ ಯಜಮಾನನಿಲ್ಲ. ಇನ್ನು ಮೇಲೆ ಕುರುಕ್ಷೇತ್ರವಿಲ್ಲವೆಂದು ಅಪ್ಪಣೆ ಕೊಡುವ ಕಚೇರಿ ಎಲ್ಲಿಯೂ ಇಲ್ಲ. ಸಾಲಿಗ್ರಾಮದ ಡೇರೆಯಲ್ಲಿ ಹೊಸ ಕಥೆ ನಡೆಯುವ ರಾತ್ರಿಯೇ ಮಂದಾರ್ತಿಯ ಐದು ಮೇಳಗಳು ಐದು ಊರುಗಳಲ್ಲಿ ಹರಕೆಯ ಆಟ ಆಡುತ್ತಿರುತ್ತವೆ, ಮತ್ತು ಹೆಚ್ಚಾಗಿ ಅಲ್ಲಿ ನಡೆಯುವುದು ಪೌರಾಣಿಕವೇ. ಮಂದಾರ್ತಿಯ ಆಟವನ್ನು ಇಂದು ಹೇಳಿಕೊಂಡವರು ತಮ್ಮ ಸರದಿಗಾಗಿ ಹಲವು ವರ್ಷ ಕಾಯಬೇಕು. ನಮ್ಮ ನೆರೆಮನೆಯವರು ಮಗಳು ಬಾಲವಾಡಿಗೆ ಹೋಗುತ್ತಿದ್ದಾಗ ಹೆಸರು ಕೊಟ್ಟಿದ್ದರು. ಆಟವಾದಾಗ ಅವಳು ಹೈಸ್ಕೂಲಿನಲ್ಲಿದ್ದಳು.

ನನ್ನ ಅಭಿಪ್ರಾಯದಲ್ಲಿ ಜಗಳದ ಬೇರು ಇಲ್ಲಿಯೇ ಇದೆ. ಹಣ ಕೊಡುವವರು ಯಾರೋ ಅವರಂತೆ ಕಥೆ. ಹರಕೆಯ ಆಟದಲ್ಲಿ ಮುಖ್ಯ ಪ್ರೇಕ್ಷಕಳು ದೇವಿ. ಆಕೆಗೆ ಅದೇ ಕಥೆಯನ್ನು ನೂರನೆಯ ಸಲ ನೋಡಲು ಬೇಸರವಿಲ್ಲ. ಡೇರೆಯಲ್ಲಿ ಪ್ರೇಕ್ಷಕನು ಟಿಕೇಟಿನವನು. ಹೋದ ವರ್ಷದ್ದನ್ನು ಮತ್ತೆ ತೋರಿಸಿದರೆ ಅವನು ಬರುವುದಿಲ್ಲವೆಂಬ ಭಯ ಯಜಮಾನರಿಗೆ. ಆದುದರಿಂದ ವರ್ಷಕ್ಕೊಂದು ಹೊಸ ಪ್ರಸಂಗ, ಅದರ ಹೆಸರಿನ ದೊಡ್ಡ ಅಕ್ಷರದ ಭಿತ್ತಿಪತ್ರ. ತಿರುಗಾಟ ಮುಗಿಯುವಷ್ಟರಲ್ಲಿ ಆ ಪ್ರಸಂಗದ ಆಯುಷ್ಯವೂ ಮುಗಿಯುತ್ತದೆ. ಡೇರೆಯವರನ್ನು ಇದಕ್ಕಾಗಿ ಬೈಯುವುದು ಸುಲಭ. ಆದರೆ ಆರು ತಿಂಗಳು ರಾತ್ರಿಯೆಲ್ಲ ನಿದ್ದೆಗೆಟ್ಟು ಕುಣಿಯುವ ಕಲಾವಿದನ ಸಂಬಳ ಆ ಡೇರೆಯ ಬಾಗಿಲಲ್ಲಿ ಹುಟ್ಟಬೇಕು. ವೇಷಧಾರಿಗಳ ಮನೆ ನಮ್ಮೂರ ಆಸುಪಾಸಿನಲ್ಲಿಯೂ ಇವೆ. ಮಳೆಗಾಲದಲ್ಲಿ ಅವರು ಕೂಲಿ ಕೆಲಸಕ್ಕೆ ಬರುವುದನ್ನು ಕಂಡವರು ಶುದ್ಧ ಕಲೆಯ ಮಾತನ್ನು ಸ್ವಲ್ಪ ಮೆಲ್ಲಗೆ ಆಡಿಯಾರು.

ಹೊಸ ಕಥೆಗಳು ಕೂಲಿಕಾರರಿಗೆ, ಓದದವರಿಗೆ. ಹಳೆಯವು ತಿಳಿದವರಿಗೆ, ಎಂಬ ಮಾತೊಂದು ಚಾಲ್ತಿಯಲ್ಲಿದೆ. ಇದನ್ನು ಎರಡು ಪಕ್ಷದವರೂ ಹೇಳುತ್ತಾರೆ, ಒಬ್ಬರು ಹೀಯಾಳಿಸುತ್ತ, ಇನ್ನೊಬ್ಬರು ಹೆಮ್ಮೆಯಿಂದ. ಇದನ್ನು ನಾನು ಒಪ್ಪಲಾರೆ. ನನ್ನ ಅಜ್ಜಿ ಹೆಬ್ಬೆಟ್ಟೊತ್ತುವವರು. ಅಪ್ಪಯ್ಯ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ಮನೆಯಲ್ಲಿ ನನ್ನ ಪಠ್ಯಪುಸ್ತಕಗಳು ಬರುವ ಮೊದಲು ಇದ್ದ ಮುದ್ರಿತ ವಸ್ತುವೆಂದರೆ ಗೋಡೆಯ ಪಂಚಾಂಗ ಮಾತ್ರ. ಆದರೂ ಅಜ್ಜಿಗೆ ಭಾರತದ ಹದಿನೆಂಟು ದಿನಗಳ ಸೇನಾಪತಿಗಳ ಹೆಸರು ಕ್ರಮವಾಗಿ ಗೊತ್ತು. ಯಾವ ಗ್ರಂಥಾಲಯವೂ ಅವರಿಗೆ ಇದನ್ನು ಕೊಟ್ಟಿಲ್ಲ, ಗದ್ದೆಯ ಮೇಲಿನ ಆಟ ಕೊಟ್ಟಿತು. ಕನ್ನಡ ತರಗತಿಯಲ್ಲಿ ರನ್ನನ ‘ಗದಾಯುದ್ಧ’ದ ಪಾಠವಾದಾಗ ಹಳಗನ್ನಡದ ಪದಗಳು ನನಗೆ ಕಬ್ಬಿಣದ ಕಡಲೆಯಾಗಿದ್ದವು. ಆದರೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಭೀಮನು ಮೂದಲಿಸಿ ಮೇಲೆಬ್ಬಿಸುವ ಸಂದರ್ಭವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಏಳನೆಯ ವಯಸ್ಸಿನಲ್ಲಿ, ಅಜ್ಜಿಯ ಕಂಬಳಿಯೊಳಗೆ ಅರ್ಧ ನಿದ್ದೆಯಲ್ಲಿ, ಅದನ್ನು ನಾನು ಕಂಡಿದ್ದೆನು. ಮನೆಯಲ್ಲಿ ಕುಮಾರವ್ಯಾಸನ ಪುಸ್ತಕವಿದ್ದವರಿಗೆ ಹಳೆಯ ಪ್ರಸಂಗಗಳು ಹೋದರೆ ಒಂದು ಸೊಗಸು ಹೋಗುತ್ತದೆ. ನಮ್ಮಂಥವರಿಗೆ ಶಾಲೆಯೇ ಮುಚ್ಚುತ್ತದೆ.

ಹಾಗಾದರೆ ನಾನು ಹಳೆಯ ಪಕ್ಷದವನೆ? ಅದೂ ಪೂರ್ತಿ ಸರಿಯಲ್ಲ. ನನ್ನ ತಂಗಿ ಕರ್ಣಪರ್ವಕ್ಕೆ ಕರೆದರೆ ಬರುವುದಿಲ್ಲ, ನಾಗಕನ್ನಿಕೆಯ ಕಥೆಯೆಂದರೆ ಮೊದಲು ಹೊರಡುತ್ತಾಳೆ. ಆ ದಿನ ಎರಡನೆಯ ಪ್ರಸಂಗ ಪೌರಾಣಿಕವಾದರೆ ಅದನ್ನೂ ನೋಡಿಯೇ ಬರುತ್ತಾಳೆ. ಹೊಸ ಕಥೆಗಳಲ್ಲಿ ಹೆಣ್ಣು ಪಾತ್ರಗಳಿಗೆ ನಡುರಂಗದಲ್ಲಿ ನಿಂತು ಜಗಳಾಡುವ ಅವಕಾಶ ಹೆಚ್ಚು ಸಿಕ್ಕಿದೆ. ಅಂಬೆಯನ್ನೂ ದ್ರೌಪದಿಯನ್ನೂ ಬಿಟ್ಟರೆ ಹಳೆಯವುಗಳಲ್ಲಿ ಅದು ಅಪರೂಪ. ಹಾಗೆಯೇ, ಅಜ್ಜಿಯನ್ನು ಒಮ್ಮೆ ಹೊಸ ಪ್ರಸಂಗಕ್ಕೆ ಕರೆದುಕೊಂಡು ಹೋಗಿದ್ದೆವು. ನಾಯಕನು ಬಂದು ಕುಣಿದೊಡನೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಇಂವ ಯಾರ್ ಮಗ? ಯಾವ್ ಪರ್ವದಗೆ ಬತ್ತ?” ಪಕ್ಕದಲ್ಲಿದ್ದವರು ನಕ್ಕರು. ನನಗೆ ಆ ಪ್ರಶ್ನೆ ನಗೆಯದಾಗಿ ತೋರಲಿಲ್ಲ. ಹೊಸ ಲೋಕವೊಂದನ್ನು ಕಟ್ಟುವವನು ಮೊದಲು ಉತ್ತರಿಸಬೇಕಾದದ್ದು ಅದನ್ನೇ. ಇವನು ಯಾರ ಮಗ, ಇವನ ವೈರ ಎಲ್ಲಿಂದ ಬಂತು, ಇವನ ಮಾತಿಗೆ ಇವನು ಯಾಕೆ ಕಟ್ಟುಬಿದ್ದಿದ್ದಾನೆ? ಹಳೆಯ ಕಥೆಯಲ್ಲಿ ಕರ್ಣನು ಬಂದೊಡನೆ ಅವನ ಹಿಂದೆ ಕುಂತಿ, ಪರಶುರಾಮ, ಇಂದ್ರ ಎಲ್ಲರೂ ಬಂದು ನಿಲ್ಲುತ್ತಾರೆ. ಹೊಸ ನಾಯಕನ ಹಿಂದೆ ಬಹಳ ಸಲ ಪರದೆ ಮಾತ್ರ ಇರುತ್ತದೆ.

‘ನಾಗಶ್ರೀ’ ಯಾಕೆ ಉಳಿಯಿತು, ಅದರೊಡನೆ ಬಂದ ಎಷ್ಟೋ ಕಥೆಗಳು ಯಾಕೆ ಅಳಿದವು? ಜನರು ಅದನ್ನು ಮತ್ತೆ ಮತ್ತೆ ಕೇಳಿದರು, ಮೇಳಗಳು ಮತ್ತೆ ಮತ್ತೆ ಆಡಿದವು, ಬೇರೆ ಬೇರೆ ಕಲಾವಿದರು ಅದೇ ಪಾತ್ರಕ್ಕೆ ಬೇರೆ ಬೇರೆ ಅರ್ಥ ಹೇಳಿದರು. ‘ಕೃಷ್ಣಾರ್ಜುನ ಕಾಳಗ’ವೂ ಹೀಗೆಯೇ ಹಳೆಯದಾದದ್ದು. ಕಥೆಯೊಂದು ಹಳೆಯದಾಗಲು ಅದನ್ನು ಹತ್ತು ವರ್ಷವಾದರೂ ಆಡಬೇಕು. ವರ್ಷಕ್ಕೊಂದು ಹೊಸತೆಂಬ ಡೇರೆಯ ಕಟ್ಟುಪಾಡು ಆ ಹತ್ತು ವರ್ಷವನ್ನು ಯಾವ ಕಥೆಗೂ ಕೊಡುವುದಿಲ್ಲ. ಹೊಸ ಪಕ್ಷದ ನನ್ನ ಗೆಳೆಯರು ಗಮನಿಸಬೇಕಾದ ವಿಷಯವಿದು. ಅವರ ಪ್ರೀತಿಯ ಕಥೆಗಳಿಗೆ ಹಳೆಯ ಪಕ್ಷದವರಿಗಿಂತ ದೊಡ್ಡ ಶತ್ರು ಮುಂದಿನ ವರ್ಷದ ಭಿತ್ತಿಪತ್ರ. ಹಳೆಯ ಪ್ರಸಂಗಗಳನ್ನು ಉಡುಪಿಯ ಪಾವಂಜೆ ಗುರುರಾವ್ ಅವರಂಥ ಪ್ರಕಾಶಕರು ಅಚ್ಚು ಹಾಕಿಸಿ ಹಳ್ಳಿಹಳ್ಳಿಗೆ ಮುಟ್ಟಿಸಿದ್ದರು. ಇತ್ತೀಚಿನ ಹೊಸ ಪ್ರಸಂಗಗಳ ಪುಸ್ತಕಕ್ಕಾಗಿ ನಾನು ಕುಂದಾಪುರದ ಅಂಗಡಿಗಳಲ್ಲಿ ವಿಚಾರಿಸಿದೆನು. ಕೇಳಿದ ಐದರಲ್ಲಿ ಒಂದೂ ದೊರೆಯಲಿಲ್ಲ. ಪದ್ಯಗಳು ಕೈಗೆ ಸಿಗದಿದ್ದರೆ ಬೇರೆ ಭಾಗವತರು ಹಾಡುವುದು ಹೇಗೆ, ಊರಿನ ಹವ್ಯಾಸಿ ಸಂಘದವರು ಆಡುವುದು ಹೇಗೆ?

ಸಿನಿಮಾದ ಕಥೆಯನ್ನು ತರುವ ಬಗ್ಗೆ ಮಾತ್ರ ನನಗೆ ಸಹನೆ ಕಡಿಮೆ. ಅದು ಕೆಟ್ಟ ಕಥೆಯೆಂದಲ್ಲ. ಅದನ್ನು ಎಲ್ಲರೂ ಒಂದೇ ರೀತಿಯಲ್ಲಿ, ಅದೇ ಮುಖದಲ್ಲಿ ನೋಡಿಯಾಗಿದೆ. ವೇಷಧಾರಿಯು ತನ್ನ ಅರ್ಥ ಹೇಳಲು ಹೋದರೆ ನೋಡುವವನು ಆ ನಟನ ಮಾತಿಗಾಗಿ ಕಾಯುತ್ತಾನೆ. ಸ್ವಂತ ಮಾತಿಗೆ ಎಡೆಯಿಲ್ಲದ ಮೇಲೆ ಅರ್ಥಧಾರಿ ಏಕೆ ಬೇಕು?

ಇನ್ನು ನಮ್ಮ ವಾರ್ಷಿಕೋತ್ಸವದ ವಿಷಯ. ಚೆಂಡೆಯ ಗೆಳೆಯನನ್ನೂ ಪದ್ಯದ ಗೆಳೆಯನನ್ನೂ ಕೂಡಿಸಿ, ಎರಡು ಪಕ್ಷದಿಂದಲೂ ಹನ್ನೊಂದು ಸಹಿ ಹಾಕಿಸಿ, ಸಾಂಸ್ಕೃತಿಕ ಸಂಘಕ್ಕೆ ಒಂದು ಅರ್ಜಿ ಕೊಟ್ಟಿದ್ದೇವೆ. ಒಂದೂವರೆ ಗಂಟೆ ‘ಕರ್ಣಪರ್ವ’, ಒಂದೂವರೆ ಗಂಟೆ ‘ನಾಗಶ್ರೀ’, ಎರಡಕ್ಕೂ ಒಂದೇ ಹಿಮ್ಮೇಳ. ವೇಷಭೂಷಣದ ಬಾಡಿಗೆ ಎರಡು ಪಟ್ಟಾಗುತ್ತದೆಂದು ಕಾರ್ಯದರ್ಶಿಯವರು ತಕರಾರು ಎತ್ತಿದ್ದಾರೆ. ಮುಂಡಾಸುಗಳನ್ನು ಎರಡಕ್ಕೂ ಬಳಸಬಹುದೆಂದು ನಾವು ಉತ್ತರ ಬರೆದಿದ್ದೇವೆ. ಗ್ರಂಥಾಲಯಕ್ಕೆ ಹೊಸವೂ ಹಳೆಯವೂ ಸೇರಿ ಇಪ್ಪತ್ತು ಪ್ರಸಂಗ ಪುಸ್ತಕಗಳನ್ನು ತರಿಸಬೇಕೆಂಬುದು ಅದೇ ಅರ್ಜಿಯ ಎರಡನೆಯ ಬೇಡಿಕೆ. ಅದರ ಮೇಲೆ ಇನ್ನೂ ಯಾರೂ ಏನನ್ನೂ ಬರೆದಿಲ್ಲ.